ಹೆಬ್ಬೆಟ್ಟಿನ ಗುರುತು

“ಓರೆ ಮಾಡ್ರೋ, ಓರೆ! ತಲೆ ಕಡೆ ಎತ್ತು ಅಂದ್ರೆ ಕಾಲ್ ಕಡೆ ಎತ್ತುತಾನಲ್ಲ, ಇವನ ಮನೆ ಹಾಳಾಗ!”

ಸೈಲಸ್ ಮೆಟ್ಟಿಲಿನ ತಿರುವಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂಗುತ್ತಿದ್ದ. ಜೇಬೆಜ್ ನ್ಯಾರಕಾಟ್‌ನನ್ನು ಮಲಗಿಸಿದ್ದ ಪೆಟ್ಟಿಗೆ ಅವನ ಎದೆಗೂ ಎದುರು ಗೋಡೆಗೂ ನಡುವೆ ಸಿಕ್ಕಿಕೊಂಡು, ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ನಿಂತುಬಿಟ್ಟಿತ್ತು. ನಮ್ಮೂರಿನಲ್ಲಿ ಮನೆ ಕಟ್ಟಿದ ಪುಣ್ಯಾತ್ಮರು ಬದುಕಿದ್ದವರು ಹತ್ತಿ ಮಲಗುವುದಕ್ಕೆ ಮೆಟ್ಟಿಲು ಹಾಕಿದರೇ ಹೊರತು, ಸತ್ತ ಮೇಲೆ ಇಳಿಯಬೇಕಾದೀತು ಎಂದು ಒಬ್ಬನೂ ಯೋಚಿಸಲಿಲ್ಲ.

“ಕಿಟಕಿಯಿಂದ ಇಳಿಸಿ ಅಂತ ಬೆಳಗ್ಗೆಯಿಂದ ಬಡ್ಕೋತಿದೀನಿ,” ಎಂದು ಪಕ್ಕದ ಮನೆಯ ಹೆಪ್ಸಿ ಕೆಳಗಿನಿಂದ ಗದರಿದಳು.

“ಕಿಟಕಿಯಿಂದ ಇಳಿಸೋಕೆ ಇವನೇನು ಹುಲ್ಲಿನ ಹೊರೆನಾ? ಬಾಗಿಲಿಂದಲೇ ಹೋಗ್ತಾನೆ. ಗವಿ ಅಗೆಯೋವಾಗ ಇದಕ್ಕಿಂತ ಇಕ್ಕಟ್ಟಲ್ಲಿ ತೂರಿ ಬಂದೋನು ಕಣಮ್ಮ. ಮುಂದೆ ನಾನು, ಹಿಂದೆ ಇವನು.”

“ಆಗ ಅವನು ಬಗ್ತಿದ್ದ. ಈಗ ಹೆಂಗೆ ಬಗ್ತಾನೆ?”

“ಜೇಬೆಜ್ ಬಗ್ತಿದ್ದನಾ? ಚೆನ್ನಾಗಿ ಹೇಳ್ದೆ ಬಿಡು ನೀನು!” ಎಂದು ಸೈಲಸ್ ನಕ್ಕ. ನಕ್ಕವನು ತಟ್ಟನೆ ಬಾಯಿ ಮುಚ್ಚಿಕೊಂಡು ಅಡಿಗೆಮನೆಯ ಕಡೆ ಇಣುಕಿದ.

ಅಡಿಗೆಮನೆಯ ಬೆಂಚಿನ ಮೇಲೆ ಜೇಬೆಜ್‌ನ ಹೆಂಡತಿ ಥರ್ಜಾ ಕೂತಿದ್ದಳು. ಮೇಜಿನ ಮೇಲೆ ಕೇಸರಿ ಹಾಕಿದ ಕೇಕು, ಬೇಯಿಸಿದ ಹಂದಿಮಾಂಸ, ಮೂರು ಮನೆಗಳಿಂದ ಎರವಲು ತಂದ ಕಪ್ಪುಗಳು. ಅಷ್ಟು ಕಪ್ಪಿಗೆ ಸಾಲುವಷ್ಟು ಜನ ಬರುತ್ತಾರೆಂಬ ನಂಬಿಕೆ ಹೆಪ್ಸಿಗೆ ಬಿಟ್ಟರೆ ಊರಲ್ಲಿ ಯಾರಿಗೂ ಇರಲಿಲ್ಲ. ಹದಿನೇಳು ವರ್ಷ ನಾವೆಲ್ಲ ಆ ಮನುಷ್ಯನನ್ನು ಬೀದಿಯಲ್ಲಿ ಕಂಡಾಗಲೆಲ್ಲ ಹಲ್ಲು ಕಿರಿದಿದ್ದೆವು. ಸತ್ತ ಮೇಲೆ ಬಂದು ಅವನ ಮನೆಯ ಕೇಕು ತಿನ್ನುವುದಕ್ಕೂ ಒಂದು ಮುಖ ಬೇಕಲ್ಲ.

ಥರ್ಜಾಳ ಗಮನ ಕೇಕಿನ ಮೇಲಿರಲಿಲ್ಲ. ಅವಳ ತಲೆಯಲ್ಲಿದ್ದದ್ದು ಒಂದೇ ಒಂದು ಕಾಗದ. ಅದು ಊರಿನ ಪುಟ್ಟ ಪ್ರಾರ್ಥನಾಮಂದಿರದ, ಅಂದರೆ ಚಾಪೆಲ್ಲಿನ, ಹಿರಿಯ ಓಬಡಾಯಾ ಕ್ರಾಕರ್‌ನ ಕೋಟಿನ ಜೇಬಿನಲ್ಲಿತ್ತು. ‘ಕರಡಿ ಗವಿಯಲ್ಲಿ ಸಿಕ್ಕಿತೆಂದು ಹೇಳಿದ ಆ ಕಲ್ಲನ್ನು ನಾನೇ, ನನ್ನ ಕೈಯಾರೆ, ಇನಾಮಿನ ಆಸೆಗೆ ಅಲ್ಲಿ ಇಟ್ಟೆ, ದೇವರ ವಾಕ್ಯಕ್ಕೆ ವಿರುದ್ಧವಾಗಿ ಸುಳ್ಳು ಹೇಳಿದೆ’ ಎಂದು ಅದರಲ್ಲಿ ಬರೆದಿತ್ತು; ಕೆಳಗೆ ಜೇಬೆಜ್‌ನ ಹೆಸರು, ಹೆಸರಿನ ಪಕ್ಕ ಓದು ಬಾರದವರು ಹಾಕುವ ಶಿಲುಬೆಯ ಗೀಟು. ಅದನ್ನು ಇನ್ನೊಂದು ಗಂಟೆಯಲ್ಲಿ ಸಮಾಧಿಯ ಮುಂದೆ ಓದುತ್ತಾರೆ. ಓದಿದರೆ ಜೇಬೆಜ್‌ಗೆ ಚಾಪೆಲ್ಲಿನ ಅಂಗಳದಲ್ಲಿ, ಆರು ವರ್ಷಕ್ಕೇ ತೀರಿಕೊಂಡ ಮಗಳು ಕೆಜಾಯಾಳ ಪಕ್ಕದಲ್ಲಿ ಜಾಗ. ಓದದಿದ್ದರೆ ಇಲ್ಲ.

ಬಾಗಿಲು ತಟ್ಟಿದ ಸದ್ದಾಯಿತು. ನಮ್ಮ ಕಡೆ ಸಾವಿನ ಮನೆಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ, ನೂಕಿಕೊಂಡು ಬರುತ್ತಾರೆ. ತಟ್ಟಿದವರು ಹಾರ್ಟ್‌ನಾಲ್ ದೊರೆಗಳು.

“ಅಯ್ಯೋ ನನ್ನಪ್ಪ, ಇವರ್ಯಾಕೆ ಬಂದ್ರು?” ಎಂದು ಹೆಪ್ಸಿ ಪಿಸುಗುಟ್ಟಿ, ಒಂದು ಕುರ್ಚಿಯನ್ನು ಸೊಂಟಕ್ಕೆ ಕಟ್ಟಿದ್ದ ಅಡಿಗೆಬಟ್ಟೆಯ ತುದಿಯಿಂದ ಒರೆಸಿದಳು.

ಕರಡಿ ಗವಿಯನ್ನು ಇಪ್ಪತ್ತು ವರ್ಷದಿಂದ ಅಗೆಸುತ್ತಿದ್ದವರು ಇದೇ ದೊರೆಗಳು. ಜೇಬೆಜ್‌ನನ್ನು ಕೆಲಸಕ್ಕೆ ಸೇರಿಸಿಕೊಂಡವರೂ ಇವರೇ, ಕಳ್ಳನೆಂದು ಕಳಿಸಿದವರೂ ಇವರೇ. ಆಗ ಕಪ್ಪಗಿದ್ದ ಗಡ್ಡ ಈಗ ಹತ್ತಿಯಾಗಿತ್ತು. ಈ ಮನೆಯ ಹೊಸ್ತಿಲು ತುಳಿದದ್ದು ಇದೇ ಮೊದಲು. ಕೈಯಲ್ಲಿ ಟೋಪಿ, ಕಂಕುಳಲ್ಲಿ ಒಂದು ಪುಟ್ಟ ಮರದ ಪೆಟ್ಟಿಗೆ.

“ಮಿಸೆಸ್ ನ್ಯಾರಕಾಟ್, ನಾನು ಜೇಬೆಜ್‌ನನ್ನೇ ನೋಡಬೇಕು ಅಂತ ಹೊರಟವನು. ರೈಲಿಂದ ಇಳಿದ ಮೇಲೆ ಗೊತ್ತಾಯ್ತು, ನಾನು ಬಂದಿದ್ದು ತಡವಾಯ್ತು ಅಂತ.”

“ಎರಡು ದಿನ ಆಯ್ತು, ದೊರೆ.”

ಅವರು ಕೂರಲಿಲ್ಲ. ಪೆಟ್ಟಿಗೆಯನ್ನು ಕೇಕಿನ ಪಕ್ಕದಲ್ಲಿಟ್ಟು ಮುಚ್ಚಳ ತೆಗೆದರು. ಹತ್ತಿಯ ಮೇಲೆ ಒಂದು ಕಲ್ಲು ಮಲಗಿತ್ತು. ಬಾದಾಮಿಯ ಆಕಾರ, ಅಂಗೈಯಷ್ಟು ಉದ್ದ, ಜೇನಿನ ಬಣ್ಣ, ಎರಡೂ ಅಂಚನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಿ ಹರಿತ ಮಾಡಿದ್ದು. ಥರ್ಜಾ ಅದನ್ನು ಎಂದೂ ನೋಡಿರಲಿಲ್ಲ, ಆದರೆ ನೋಡಿದ ಕೂಡಲೇ ಗುರುತಿಸಿದಳು.

“ಹೋದ ತಿಂಗಳು ಗವಿಯ ಒಳಕೋಣೆಯಲ್ಲಿ ಐದು ಜನ ನೋಡ್ತಾ ಇರುವಾಗಲೇ, ಅದುವರೆಗೆ ಯಾರೂ ಒಡೆದಿರದ ನೆಲದ ಅಡಿಯಿಂದ ಮೂರು ಕಲ್ಲು ಬಂದವು. ಇದರ ಒಡಹುಟ್ಟಿದವರು ಅಂತಲೇ ಅನ್ನಬೇಕು, ಅಷ್ಟು ಹೋಲಿಕೆ. ಜೇಬೆಜ್ ನಿಜವನ್ನೇ ಹೇಳಿದ್ದ ಅಂತ ಈಗ ನನಗನ್ನಿಸುತ್ತೆ. ನಾನು ಅವನಿಗೆ ಅನ್ಯಾಯ ಮಾಡಿದೆ.”

ಹದಿನೇಳು ವರ್ಷ ಗಂಡ ಹೆಂಡತಿ ಇಬ್ಬರೂ ಕಾದಿದ್ದ ಮಾತು ಇದೊಂದೇ. ಅದು ಈಗ ಬಂತು, ಗಂಡ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿರುವಾಗ.

“ನನ್ನ ಪುಸ್ತಕ ಅಚ್ಚಿಗೆ ಹೋಗ್ತಾ ಇದೆ,” ಎಂದರು ದೊರೆಗಳು. “ಇದನ್ನು ಕಂಡವನು ಜೇಬೆಜ್ ನ್ಯಾರಕಾಟ್ ಅಂತ ಹೆಸರು ಹಾಕಿ ಬರೀತೀನಿ. ನೀವು ಒಪ್ಪಿದರೆ ಇವತ್ತು ಸಮಾಧಿ ಹತ್ತಿರವೂ ನಾಲ್ಕು ಮಾತು ಹೇಳ್ತೀನಿ. ಊರವರೆಲ್ಲ ಕೇಳಲಿ.”

“ಬೇಡ!”

ಹೆಪ್ಸಿ ಬೆಚ್ಚಿ ತಿರುಗಿದಳು. ಥರ್ಜಾ ದನಿ ಇಳಿಸಿ ಬೇಡಿಕೊಂಡಳು. “ಬೇಡಿ, ದೊರೆ. ಅಲ್ಲಿಗೆ ಮಾತ್ರ ಬರಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಹಿಂಗೇ ರೈಲಿಗೆ ಹೋಗಿಬಿಡಿ. ಬರಕೊಳ್ಳಿ, ಪುಸ್ತಕದಲ್ಲಿ ಬರಕೊಳ್ಳಿ, ಅಷ್ಟು ಸಾಕು.”

ಅವರಿಗೆ ಅದು ಕೋಪವೆಂದು ಕಂಡಿತು. “ನಿಮ್ಮ ಸಿಟ್ಟು ನ್ಯಾಯವೇ, ತಾಯಿ. ಮಾತಾಡೋದಿಲ್ಲ. ದೂರ ನಿಂತು ಟೋಪಿ ತೆಗೀತೀನಿ. ಅಷ್ಟಾದರೂ ನಾನು ಅವನಿಗೆ ಮಾಡಬೇಕು.”

ಒಳ್ಳೆಯ ಮನುಷ್ಯರನ್ನು ತಡೆಯುವುದು ಕಷ್ಟ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಏನೋ ಬಿರುಕು ಬಿಟ್ಟ ಸದ್ದಾಗಿ, ಪೆಟ್ಟಿಗೆ ಗೋಡೆಯ ಸುಣ್ಣ ಕೆರೆದುಕೊಂಡು ಕೆಳಗಿಳಿಯಿತು.

*

ಹದಿನೇಳು ವರ್ಷದ ಹಿಂದೆ ಕರಡಿ ಗವಿಯ ಕೆಲಸಕ್ಕೊಂದು ಕ್ರಮವಿತ್ತು. ಮೇಲೆ ಒಂದಡಿ ದಪ್ಪದ ಸುಣ್ಣದ ನೆಲ; ಚಾವಣಿಯಿಂದ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಕಲ್ಲಾಗಿ ಹೆಪ್ಪುಗಟ್ಟಿದ್ದು. ಅದನ್ನು ಒಡೆದರೆ ಕೆಳಗೆ ಕೆಂಪು ಮಣ್ಣು. ಆ ಮಣ್ಣನ್ನು ಗಜ ಉದ್ದ, ಅಡಿ ಅಗಲ, ಅಡಿ ಆಳಕ್ಕೆ ಕತ್ತರಿಸಿ ತೆಗೆಯಬೇಕು. ಮೂಳೆ ಸಿಕ್ಕರೆ ಪೆಟ್ಟಿಗೆಗೆ ಹಾಕಿ ಎಲ್ಲಿ ಸಿಕ್ಕಿತೆಂದು ಚೀಟಿ ಅಂಟಿಸಬೇಕು. ಆದರೆ ಮನುಷ್ಯನ ಕೈ ಬಿದ್ದ ಕಲ್ಲು ಕಂಡರೆ ಮುಟ್ಟುವ ಹಾಗಿಲ್ಲ. ಪಕ್ಕದಲ್ಲಿ ಮೇಣದಬತ್ತಿ ಹಚ್ಚಿಟ್ಟು ದೊರೆಗಳನ್ನು ಕೂಗಬೇಕು. ಅದು ಮಲಗಿದ ಜಾಗದಲ್ಲೇ ಅವರು ಕಣ್ಣಾರೆ ನೋಡಬೇಕು; ಆಮೇಲೆ ಕಂಡವನಿಗೆ ಇನಾಮು.

ಯಾಕೆಂದರೆ ಅಂಥ ಕಲ್ಲು ಆ ನೆಲದ ಅಡಿಯಲ್ಲಿ, ಲೋಕದಿಂದಲೇ ಅಳಿದುಹೋದ ಕರಡಿಯ ಮೂಳೆಯ ಪಕ್ಕ ಇದ್ದರೆ, ಮನುಷ್ಯನೂ ಆ ಕರಡಿಯಷ್ಟು ಹಳಬ ಎಂದಾಯಿತು. ಬೈಬಲ್ಲಿನವರು ಲೋಕಕ್ಕೆ ಕೊಟ್ಟ ಆರು ಸಾವಿರ ವರ್ಷ ಆಗ ಯಾತಕ್ಕೂ ಸಾಲುವುದಿಲ್ಲ. ದೇಶದ ದೊಡ್ಡ ದೊಡ್ಡ ತಲೆಗಳೆಲ್ಲ ಆಗ ಇದೇ ಮಾತಿಗೆ ಗುದ್ದಾಡುತ್ತಿದ್ದವು. ಜೇಬೆಜ್‌ಗೆ ಮಾತ್ರ ಗುದ್ದಲಿ ಹಾಕುವುದು ಗೊತ್ತಿತ್ತು, ಭಾನುವಾರ ಚಾಪೆಲ್ಲಿಗೆ ಹೋಗುವುದು ಗೊತ್ತಿತ್ತು. ಎರಡೂ ಒಂದಕ್ಕೊಂದು ಆಗಿಬರುವುದಿಲ್ಲವೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅವತ್ತು ಲಂಡನ್ನಿನಿಂದ ಇಬ್ಬರು ದೊರೆಗಳು ನೋಡಲು ಬಂದು ಗವಿಯ ಬಾಯಲ್ಲಿ ಊಟಕ್ಕೆ ಕೂತಿದ್ದರು. ಒಳಗೆ ಸೈಲಸ್ ಬತ್ತಿ ಹಿಡಿದಿದ್ದ. ಜೇಬೆಜ್‌ನ ಗುದ್ದಲಿಗೆ ಮಣ್ಣಿನ ಒಂದು ಹೆಂಟೆ ಕಳಚಿತು, ಅದರೊಂದಿಗೆ ಕಲ್ಲೂ ಜಾರಿ ಅವನ ಅಂಗೈಗೆ ಬಿತ್ತು.

“ಅಯ್ಯಯ್ಯೋ!” ಎಂದ ಸೈಲಸ್. “ಮುಟ್ಟಿಬಿಟ್ಟೆಯಲ್ಲೋ!”

“ನಾನೆಲ್ಲಿ ಮುಟ್ಟಿದೆ? ಅದೇ ಬಿತ್ತು.”

“ದೊರೆಗಳು ಉಗೀತಾರೆ ನೋಡು. ಮಲಗಿದಲ್ಲೇ ನೋಡ್ಬೇಕು ಅಂತ ಎಷ್ಟು ಸಲ ಹೇಳಿಲ್ಲ?”

ಜೇಬೆಜ್ ಬತ್ತಿಯನ್ನು ಹತ್ತಿರ ಹಿಡಿದು ನೋಡಿದ. ಮಣ್ಣಿನ ಗೋಡೆಯಲ್ಲಿ ಕಲ್ಲು ಇದ್ದ ಗುಳಿ ಅಚ್ಚು ಹೊಯ್ದಂತೆ ಹಾಗೇ ಇತ್ತು. ಹರಿತದ ಅಂಚು ಕೆಳಗೆ, ತುದಿ ಎಡಕ್ಕೆ ವಾಲಿ. ಅವನು ಕಲ್ಲನ್ನು ಅದೇ ಗುಳಿಯಲ್ಲಿ ಅದೇ ರೀತಿ ಕೂರಿಸಿದ. ಮತ್ತೆ ಜಾರದಿರಲೆಂದು ಸುತ್ತಲೂ ಹಸಿ ಮಣ್ಣನ್ನು ಹೆಬ್ಬೆಟ್ಟಿನಿಂದ ಒತ್ತಿದ. ಮಲಗಿದಲ್ಲೇ ನೋಡಬೇಕು ಎಂದಿದ್ದರಲ್ಲ, ನೋಡಲಿ ಎಂದು. ಆಮೇಲೆ ಕೂಗಿದ.

ಮೂರು ಜನ ದೊರೆಗಳೂ ಬಗ್ಗಿ ಬಂದರು. ಲಂಡನ್ನಿನವರಲ್ಲಿ ಹಿರಿಯರಾದವರು ಕನ್ನಡಕ ಸರಿ ಮಾಡಿಕೊಂಡು ಬಹಳ ಹೊತ್ತು ನೋಡಿದರು. ಹಸಿ ಮಣ್ಣಿನಲ್ಲಿ ಹೆಬ್ಬೆಟ್ಟಿನ ಗುರುತು ಗೆರೆ ಗೆರೆಯಾಗಿ ಮೂಡಿತ್ತು.

“ಚೆನ್ನಾಗಿದೆ, ಹಾರ್ಟ್‌ನಾಲ್,” ಎಂದರು. “ಕಲ್ಲು ಲಕ್ಷ ವರ್ಷದ್ದು ಅಂತೀರಿ. ಈ ಹೆಬ್ಬೆಟ್ಟು ಎಷ್ಟು ಸಾವಿರ ವರ್ಷದ್ದು?”

ಜೊತೆಯವರು ಗಹಗಹಿಸಿ ನಕ್ಕರು. ಹಾರ್ಟ್‌ನಾಲ್ ದೊರೆಗಳ ಮುಖ ಕಪ್ಪಿಟ್ಟಿತು.

“ಬಿದ್ದುಹೋಯ್ತು, ದೊರೆ. ಇದ್ದಂಗೇ ತಿರುಗಿ ಇಟ್ಟೆ,” ಎಂದ ಜೇಬೆಜ್.

ಕಳ್ಳ ಹೇಳುವುದೂ ಅದನ್ನೇ. ದೊರೆಗಳು ಸೈಲಸ್ ಕಡೆ ತಿರುಗಿದರು. “ಇವನು ಕಲ್ಲನ್ನು ಇಡೋದನ್ನು ನೀನು ನೋಡಿದೆಯಾ? ಹೌದೋ ಅಲ್ಲವೋ, ಅಷ್ಟೇ ಹೇಳು.”

“ಹೌದು, ದೊರೆ,” ಎಂದ ಸೈಲಸ್. ಕೇಳಿದ್ದಕ್ಕೆ ಅದು ನಿಜವಾದ ಉತ್ತರವೇ ಆಗಿತ್ತು. ಮುಂದಿನ ಪ್ರಶ್ನೆಯನ್ನು ಅವರು ಕೇಳಲಿಲ್ಲ, ಕೇಳದೆ ಹೇಳುವ ಧೈರ್ಯ ಇವನಿಗೆ ಬರಲಿಲ್ಲ. ಮನೆಯಲ್ಲಿ ಐದು ಮಕ್ಕಳು.

ಜೇಬೆಜ್ ಮಧ್ಯಾಹ್ನವೇ ಮನೆಗೆ ಬಂದ. ಥರ್ಜಾ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಅವನು ಒಂದು ಆಲೂಗಡ್ಡೆ ತೆಗೆದುಕೊಂಡು ಹಿಟ್ಟಿನ ಮುದ್ದೆಯಲ್ಲಿ ಊರಿದ. “ಹಿಂಗಿತ್ತು ನೋಡು. ಅಂಚು ಕೆಳಗೆ. ತುದಿ ಎಡಕ್ಕೆ. ನಾನು ಒಂದು ಕೂದಲೆಳೆ ಆಚೀಚೆ ಮಾಡಲಿಲ್ಲ ಕಣೇ.” ಆಮೇಲೆ ಮತ್ತೆ ತೆಗೆದು ಮತ್ತೆ ಊರಿದ. ಆ ದಿನದ ಹಿಟ್ಟು ರೊಟ್ಟಿಯಾಗಲಿಲ್ಲ.

ಒಂದು ವಾರದಲ್ಲಿ ಊರಿಗೆಲ್ಲ ಆ ಮಾತು ಹಬ್ಬಿತು. ಜೇಬೆಜ್ ಬೀದಿಗಿಳಿದರೆ ಮಕ್ಕಳು ಹೆಬ್ಬೆಟ್ಟು ಎತ್ತಿ, “ಎಷ್ಟು ಸಾವಿರ ವರ್ಷ?” ಎಂದು ಕೂಗುತ್ತಿದ್ದವು. ದೊಡ್ಡವರು ಕೂಗುತ್ತಿರಲಿಲ್ಲ, ಮಕ್ಕಳನ್ನು ಗದರುತ್ತಲೂ ಇರಲಿಲ್ಲ. ಅವನು ಸುಣ್ಣದ ಗೂಡಿನ ಕೆಲಸಕ್ಕೆ ಸೇರಿದ. ಅಲ್ಲಿಯ ಹೊಗೆ ಧೂಳು ಸೇರಿ ಅವನ ಪುಪ್ಪುಸ ತಿಂದವು.

*

ಚಾಪೆಲ್ಲಿನ ಗೇಟಿನ ಮುಂದೆ ಹೆಣ ಇಳಿಸುವ ಕಲ್ಲಿದೆ. ಪೆಟ್ಟಿಗೆಯನ್ನು ಅದರ ಮೇಲಿಟ್ಟು ಹೊತ್ತವರು ಬೆವರೊರೆಸಿಕೊಂಡರು. ಊರು ಎಣಿಸಿದ್ದಂತೆಯೇ ಎಂಟೇ ಜನ ಬಂದಿದ್ದರು. ಅವರಿಂದ ಇಪ್ಪತ್ತು ಹೆಜ್ಜೆ ಹಿಂದೆ ಹಾರ್ಟ್‌ನಾಲ್ ದೊರೆಗಳು, ಟೋಪಿ ಕೈಯಲ್ಲಿ, ಕಲ್ಲಿನ ಪೆಟ್ಟಿಗೆ ಕಂಕುಳಲ್ಲಿ ಹಿಡಿದು.

ಹಿರಿಯ ಕ್ರಾಕರ್ ಗೇಟಿನೊಳಗೆ ನಿಂತಿದ್ದ. ವಾರವೆಲ್ಲ ಹಗ್ಗ ಹೊಸೆಯುವ ಮನುಷ್ಯ. ಅವನ ಅಂಗೈ ಹಲಗೆಯಂತಿತ್ತು. ಪೆಟ್ಟಿಗೆ ಇಳಿಸುವ ಹಗ್ಗಗಳೂ ಅವನೇ ಹೊಸೆದವು, ಜೇಬೆಜ್‌ಗೆಂದು ಹೊಸದಾಗಿ.

ಥರ್ಜಾ ಅವನನ್ನು ಗೋಡೆಯ ಪಕ್ಕಕ್ಕೆ ಕರೆದಳು. “ಹಿರಿಯರೇ, ಆ ಕಾಗದ ನನಗೆ ವಾಪಸ್ ಕೊಡಿ.”

“ಯಾಕೆ, ಸಹೋದರೀ?”

“ಓದಬೇಡಿ. ದೇವರಿಗೆ ಗೊತ್ತಲ್ಲ, ಅಷ್ಟು ಸಾಲದಾ? ಜನರಿಗೆ ಯಾಕೆ?”

ಕ್ರಾಕರ್ ಅವಳ ಭುಜದಾಚೆ ನೋಡಿದ. ದೂರದಲ್ಲಿ ನಿಂತ ದೊರೆಯನ್ನು ಕಂಡ. “ಓ, ಅವರು ಬಂದಿದಾರೆ ಅಂತಲಾ? ಒಳ್ಳೇದೇ ಆಯ್ತು. ಆ ಕಲ್ಲು ಹಿಡ್ಕೊಂಡು ಸತ್ಯವೇದ ಸುಳ್ಳು ಅಂತ ಸಾರೋಕೆ ಹೊರಟೋರು, ಅವರೂ ಕೇಳಲಿ.” ಆಮೇಲೆ ದನಿ ಮೆತ್ತಗೆ ಮಾಡಿಕೊಂಡ. “ನೋಡಮ್ಮ, ನಿನ್ನ ಗಂಡನ ಮೇಲೆ ನನಗೆ ಹಗೆ ಇಲ್ಲ. ಹದಿನೇಳು ವರ್ಷ ಅವನಿಗೋಸ್ಕರ ಮೊಣಕಾಲೂರಿದೀನಿ. ನಾನೇ ಇಟ್ಟೆ ಅಂತ ಒಂದು ಮಾತು ಹೇಳಿದ್ದಿದ್ರೆ ಅವತ್ತೇ ತಬ್ಬಿಕೊಂಡು ಒಳಗೆ ಕರಕೊಳ್ತಿದ್ದೆ. ಕೊನೇ ಗಳಿಗೇಲಾದರೂ ಹೇಳ್ದ. ಅದನ್ನ ಮುಚ್ಚಿಡು ಅಂತೀಯಾ?”

“ಓದದೇನೇ ಮಣ್ಣು ಮಾಡಿ. ಕೈ ಮುಗೀತೀನಿ.”

“ಓದಲಿಲ್ಲ ಅಂದ್ರೆ ಅವನು ಪಶ್ಚಾತ್ತಾಪ ಪಡಲಿಲ್ಲ ಅಂತಾಯ್ತು. ಅಂಥೋನನ್ನ ಈ ಮಣ್ಣಲ್ಲಿ ಹಾಕೋಕೆ ನನಗೆ ಅಧಿಕಾರ ಇಲ್ಲ. ದೊಡ್ಡ ಚರ್ಚಿನ ಗುಡ್ಡಕ್ಕೆ ಎರಡು ಮೈಲಿ, ಅಲ್ಲಿ ದಿಕ್ಕಿಲ್ಲದೋರಿಗೆ ಒಂದು ಮೂಲೆ ಇದೆ. ಈಗಲೇ ಹೇಳು, ಹೊತ್ತೋರು ತಿರುಗ್ತಾರೆ.”

ಥರ್ಜಾ ಗೋಡೆಯ ಮೇಲಿಂದ ಒಳಗೆ ನೋಡಿದಳು. ಗೋಡೆಯಿಂದ ಮೂರು ಗಜ ದೂರದಲ್ಲಿ ಕೆಜಾಯಾಳ ಪುಟ್ಟ ಕಲ್ಲು. ಅದರ ಪಕ್ಕದಲ್ಲಿ ತೆರೆದ ಗುಂಡಿ. ಕಲ್ಲು ಅಲ್ಲೇ ಇತ್ತೆಂಬ ಮಾತು ಬಿಡಲಿಲ್ಲವೆಂದು ಚಾಪೆಲ್ಲಿನವರು ತಮ್ಮ ಪಟ್ಟಿಯಿಂದ ಜೇಬೆಜ್‌ನ ಹೆಸರು ಹೊಡೆದುಹಾಕಿದ ಮೇಲೆ ಅವನು ಒಂದು ದಿನವೂ ಗೇಟು ದಾಟಲಿಲ್ಲ. ಪ್ರತಿ ಭಾನುವಾರ ಈ ಗೋಡೆಯ ಹೊರಗೆ, ಇದೇ ಜಾಗದಲ್ಲಿ, ಒಳಗೆ ಹಾಡು ಮುಗಿಯುವವರೆಗೆ ನಿಂತಿರುತ್ತಿದ್ದ. ವಸಂತ ಬಂದರೆ ಬೇಲಿಯ ಹಳದಿ ಹೂ ಕಿತ್ತು ಒಳಗೆ ಎಸೆಯುತ್ತಿದ್ದ. ಕೆಲವು ಮಗುವಿನ ಮೇಲೆ ಬೀಳುತ್ತಿದ್ದವು, ಕೆಲವು ಬೀಳುತ್ತಿರಲಿಲ್ಲ.

“ಹೇಳಮ್ಮ. ಯಾವುದು?”

“ಓದಿ,” ಎಂದಳು ಥರ್ಜಾ.

*

ಮೂರು ದಿನದ ಹಿಂದೆ ಕ್ರಾಕರ್ ಆ ಕಾಗದ ಬರೆದುಕೊಂಡೇ ಬಂದಿದ್ದ. ಹಾಸಿಗೆಯ ಪಕ್ಕ ಕೂತು ನಿಧಾನವಾಗಿ ಓದಿ ಹೇಳಿದ. ಜೇಬೆಜ್‌ಗೆ ಉಸಿರಾಡುವುದೇ ಒಂದು ಕೂಲಿಯಾಗಿತ್ತು.

“ಒಂದು ಗೀಟು ಹಾಕು, ಸಹೋದರ. ಮಗಳ ಪಕ್ಕ ಮಲಗ್ತೀಯ.”

“ಇತ್ತು,” ಎಂದ ಜೇಬೆಜ್. ಇನ್ನೊಂದು ಉಸಿರು ಎಳೆದುಕೊಂಡು ಮತ್ತೆ ಹೇಳಿದ. “ಅಲ್ಲೇ ಇತ್ತು.”

ಕ್ರಾಕರ್ ಕಾಗದವನ್ನು ಮೇಜಿನ ಮೇಲಿಟ್ಟು ಹೋದ. ಅವನು ಹೋದ ಮೇಲೆ ಜೇಬೆಜ್ ಹೆಂಡತಿಯ ಕೈ ಹಿಡಿದ. “ನನ್ನ ಮಗು ಪಕ್ಕ ಹಾಕು, ಥರ್ಜಾ.”

“ಹೆಂಗೆ ಹಾಕಲಿ? ಒಂದು ಗೀಟು ಹಾಕು ಅಂದ್ರೆ ಹಾಕಲ್ಲ ಅಂತೀಯ.”

“ಅದು ಆಗಲ್ಲ.”

“ಹಂಗಾದ್ರೆ ಇದೂ ಆಗಲ್ಲ, ಮಾರಾಯ!” ಅವಳಿಗೆ ಅಳು ಬಂತು, ಸಿಟ್ಟೂ ಬಂತು. “ಹದಿನೇಳು ವರ್ಷ ನಿನ್ನ ಸತ್ಯ ನನ್ನ ಮನೇಲಿ ಅನ್ನ ಹಾಕಲಿಲ್ಲ. ನಿನ್ನ ಸತ್ಯಕ್ಕೆ ಕಿವಿ ಕೊಡೋರು ಯಾರಿದಾರೆ, ತೋರಿಸು ನೋಡೋಣ. ಒಬ್ಬರನ್ನ ತೋರಿಸು!”

ಅವನು ಅವಳ ಕೈಯನ್ನು ಮಾತ್ರ ಬಿಡಲಿಲ್ಲ.

ಮಾರನೆಯ ದಿನ ಹೊತ್ತು ಮೂಡುವಾಗ ಹೋಗಿಬಿಟ್ಟ. ಮಧ್ಯಾಹ್ನ ಮೈ ತೊಳೆಯುವಾಗ ಥರ್ಜಾ ಅವನ ಬಲಗೈ ಹೆಬ್ಬೆಟ್ಟನ್ನು ತುಂಬ ಹೊತ್ತು ಉಜ್ಜಿದಳು. ಸುಣ್ಣ ಗೆರೆಗಳಲ್ಲಿ ಇಳಿದಿತ್ತು, ಹೋಗಲಿಲ್ಲ. ಕ್ರಾಕರ್ ಮೂರು ಗಂಟೆಗೆ ಬರುವವನಿದ್ದ. ಅವಳು ಕೈ ಒರೆಸಿಕೊಂಡು, ಹೆಪ್ಸಿಯ ಮನೆಯಿಂದ ಮಸಿ ತಂದು, ಕಾಗದದಲ್ಲಿ ಗಂಡನ ಹೆಸರಿನ ಪಕ್ಕ ಒಂದು ಅಡ್ಡಗೀಟು, ಒಂದು ಉದ್ದಗೀಟು ಎಳೆದಳು. ಶಿಲುಬೆಗೆ ಗಂಡಿನದು ಹೆಣ್ಣಿನದು ಅಂತ ಇರುವುದಿಲ್ಲ. ಯಾರು ಎಳೆದರೂ ಒಂದೇ ತರಹ.

“ಅವನೇ ಹಾಕಿದನಾ?” ಎಂದು ಕ್ರಾಕರ್ ಕೇಳಿದ.

“ಹೌದು.”

ಕ್ರಾಕರ್ ಕಾಗದವನ್ನು ಎದೆಗೊತ್ತಿಕೊಂಡು ಮಗುವಿನಂತೆ ಅತ್ತುಬಿಟ್ಟ. ಅದೊಂದನ್ನು ಥರ್ಜಾ ಎಣಿಸಿರಲಿಲ್ಲ.

*

ಪೆಟ್ಟಿಗೆ ಹಗ್ಗಗಳ ಮೇಲೆ ಗುಂಡಿಯ ಬಾಯಲ್ಲಿ ನಿಂತಿತು. ಆ ಕಡೆ ಇಬ್ಬರು, ಈ ಕಡೆ ಸೈಲಸ್ ಮತ್ತೊಬ್ಬ, ಹಗ್ಗ ಹಿಡಿದು. ಕ್ರಾಕರ್ ಪ್ರಾರ್ಥನೆ ಮುಗಿಸಿ ಕಾಗದ ಬಿಡಿಸಿದ. ಅವನ ದನಿ ದೊಡ್ಡದು. ಗೋಡೆಯಾಚೆ ರಸ್ತೆಯಲ್ಲಿ ಹೋಗುತ್ತಿದ್ದ ಗಾಡಿಯವನೂ ಕುದುರೆ ನಿಲ್ಲಿಸಿ ಕೇಳಿದ.

“...ಆ ಕಲ್ಲನ್ನು ನಾನೇ, ನನ್ನ ಕೈಯಾರೆ, ಇನಾಮಿನ ಆಸೆಗೆ ಅಲ್ಲಿ ಇಟ್ಟೆ...”

ಸೈಲಸ್‌ನ ಕೈಯಿಂದ ಹಗ್ಗ ಒಂದು ಗೇಣು ಜಾರಿತು. ಪೆಟ್ಟಿಗೆ ಒಂದು ಕಡೆಗೆ ವಾಲಿತು. “ಹಿಡಿಯೋ!” ಎಂದರು ಯಾರೋ. ಅವನು ಹಿಡಿದು, ಥರ್ಜಾಳನ್ನು ನೋಡಿದ. ಅವಳು ನೆಲ ನೋಡುತ್ತಿದ್ದಳು.

ಓದು ಮುಗಿದಾಗ ಹಾರ್ಟ್‌ನಾಲ್ ದೊರೆಗಳು ಮುಂದೆ ಬಂದಿದ್ದರು. ಅವರ ಮುಖದಲ್ಲಿ ರಕ್ತವಿರಲಿಲ್ಲ. “ಅದನ್ನು ನಾನು ನೋಡಬಹುದೇ?”

ಕ್ರಾಕರ್ ಕಾಗದ ಕೊಟ್ಟ, ಗೆದ್ದವನ ಮರ್ಯಾದೆಯಿಂದ. ದೊರೆಗಳು ಅದನ್ನು ಎರಡು ಸಲ ಓದಿದರು. ಆಮೇಲೆ ಥರ್ಜಾಳ ಕಡೆ ತಿರುಗಿದರು.

“ಇದು ನಿಮ್ಮ ಗಂಡ ಹಾಕಿದ ಗುರುತೇ?”

ಕ್ರಾಕರ್ ಅವಳನ್ನು ನೋಡುತ್ತಿದ್ದ. ಪೆಟ್ಟಿಗೆ ಹಗ್ಗದ ಮೇಲೆ ಇನ್ನೂ ನೇತಾಡುತ್ತಿತ್ತು, ಕೆಳಗೆ ಹೋಗಿರಲಿಲ್ಲ. ಅಲ್ಲವೆಂದರೆ ಅದು ಮೇಲೆ ಬರುತ್ತದೆ, ಗುಡ್ಡಕ್ಕೆ ಹೋಗುತ್ತದೆ.

“ಹೌದು, ದೊರೆ.”

ಅವರು ಕಾಗದ ಮಡಿಸಿ ವಾಪಸು ಕೊಟ್ಟರು. ಹಗ್ಗ ಸಡಿಲಾಯಿತು. ಜೇಬೆಜ್ ಮಗಳ ಪಕ್ಕಕ್ಕೆ ಇಳಿದ.

*

ಗೇಟಿನ ಹೊರಗೆ ಥರ್ಜಾ ಓಡಿ ಓಡಿ ಅವರನ್ನು ಹಿಡಿದಳು. ಹಿಂದೆಯೇ ಸೈಲಸ್ ಕುಂಟುತ್ತ ಬಂದ.

“ದೊರೆ, ನಿಲ್ಲಿ! ಆ ಗೀಟು ನಂದು. ನಾನೇ ಹಾಕಿದ್ದು. ಅವನು ಸಾಯೋವರೆಗೂ ಅಲ್ಲೇ ಇತ್ತು ಅಂತಲೇ ಅಂದ. ಅವನನ್ನ ಒಳಗೆ ಹಾಕಿಸ್ಕೋಬೇಕಿತ್ತು, ಅದಕ್ಕೆ ಹಾಕ್ದೆ.”

ದೊರೆಗಳು ನಿಂತರು. “ಹತ್ತು ನಿಮಿಷದ ಹಿಂದೆ ಅವನದೇ ಅಂದಿರಿ, ತಾಯಿ.”

“ಪೆಟ್ಟಿಗೆ ಮೇಲಿತ್ತು!”

“ನಾನೂ ಇದ್ದೆ, ದೊರೆ,” ಎಂದ ಸೈಲಸ್. ಅವನ ಗಡ್ಡದವರೆಗೆ ಕಣ್ಣೀರು ಇಳಿದಿತ್ತು. “ಕಲ್ಲು ಮಣ್ಣಿಂದ ಬಿದ್ದಿದ್ದು ಈ ಕಣ್ಣಲ್ಲಿ ನೋಡಿದೀನಿ. ನೀವು ಇಟ್ಟಿದ್ದು ನೋಡಿದೆಯಾ ಅಂದ್ರಿ, ಹೌದು ಅಂದೆ. ಬಿದ್ದಿದ್ದು ನೋಡಿದೆಯಾ ಅಂತ ಕೇಳಲಿಲ್ಲ ನೀವು.”

“ಹದಿನೇಳು ವರ್ಷ ನೀನು ಎಲ್ಲಿದ್ದೆ?”

“ನಿಮ್ಮ ಕೆಲಸದಲ್ಲಿ, ದೊರೆ.”

ದೊರೆಗಳಿಗೂ ನೋವಾಗಿತ್ತು, ಅದು ಕಾಣುತ್ತಿತ್ತು. “ನಿಮ್ಮಿಬ್ಬರನ್ನೂ ನಂಬಬೇಕು ಅನ್ನಿಸುತ್ತೆ. ಆದರೆ ನನಗೆ ಅನ್ನಿಸೋದನ್ನು ಪುಸ್ತಕದಲ್ಲಿ ಬರೆಯೋ ಹಾಗಿಲ್ಲ. ನಾಳೆ ಆ ಚಾಪೆಲ್ಲಿನವರು ಈ ಕಾಗದವನ್ನು ಪತ್ರಿಕೆಗೆ ಹಾಕಿಸ್ತಾರೆ. ಈ ಒಂದು ಕಲ್ಲಿಗೋಸ್ಕರ ಉಳಿದ ಎಲ್ಲ ಕಲ್ಲಿನ ಮೇಲೂ ಅನುಮಾನ ಬರುತ್ತೆ. ಇದನ್ನು ಬಿಟ್ಟೇಬಿಡಬೇಕು.” ಅವರು ಕಂಕುಳಿನ ಪೆಟ್ಟಿಗೆಯಿಂದ ಕಲ್ಲು ತೆಗೆದು ಅವಳ ಅಂಗೈಗಿಟ್ಟರು. “ನನಗೆ ಇದರಿಂದ ಇನ್ನು ಉಪಯೋಗವಿಲ್ಲ. ಇಟ್ಟುಕೊಳ್ಳಿ.”

ಟೋಪಿ ಹಾಕಿಕೊಂಡು ಸ್ಟೇಷನ್ನಿನ ಕಡೆ ನಡೆದರು.

“ಜನ ಮನೆಗೆ ಹೋದ್ರು, ಕೇಕು ಕೊಯ್ಯಬೇಕು, ಬಾರೇ ತಂಗೀ,” ಎಂದು ಹೆಪ್ಸಿ ದೂರದಿಂದ ಕೂಗಿದಳು. ಥರ್ಜಾ ತಿರುಗಿ ಚಾಪೆಲ್ಲಿನ ಗೇಟಿನೊಳಗೆ ಹೋದಳು.

ಗುಂಡಿ ಅರ್ಧ ತುಂಬಿತ್ತು. ಮಣ್ಣು ಎಳೆಯುತ್ತಿದ್ದವನು ಸಲಿಕೆ ಊರಿ ಪೈಪು ಹಚ್ಚಿಕೊಂಡಿದ್ದ. ನಮ್ಮೂರಿನ ಮಣ್ಣು ಎಲ್ಲಿ ಅಗೆದರೂ ಕೆಂಪೇ, ಗವಿಯಲ್ಲೂ ಇದೇ, ಚಾಪೆಲ್ಲಿನಲ್ಲೂ ಇದೇ. ಅವಳು ಗುಂಡಿಯ ಅಂಚಿನಲ್ಲಿ ಹೊಟ್ಟೆ ಕೆಳಗಾಗಿ ಮಲಗಿ, ಕೆಜಾಯಾಳ ಕಡೆಯ ಮಣ್ಣಿನ ಗೋಡೆಗೆ ಕೈ ಚಾಚಿದಳು. ಬೆರಳಿನಿಂದ ಒಂದು ಗುಳಿ ತೋಡಿ ಕಲ್ಲನ್ನು ಕೂರಿಸಿದಳು. ಅಂಚು ಕೆಳಗೆ. ತುದಿ ಎಡಕ್ಕೆ. ಜಾರದಿರಲೆಂದು ಸುತ್ತಲೂ ಮಣ್ಣನ್ನು ಹೆಬ್ಬೆಟ್ಟಿನಿಂದ ಒತ್ತಿದಳು.

“ಏನವ್ವ ಅದು?” ಎಂದ ಮಣ್ಣು ಎಳೆಯುವವನು.

“ಏನಿಲ್ಲ. ಅಲ್ಲೇ ಇತ್ತು.”

ಅವನು ಬಗ್ಗಿ ನೋಡಿದ. ಹಸಿ ಮಣ್ಣಿನಲ್ಲಿ ಕಲ್ಲಿನ ಸುತ್ತ ಅವಳ ಹೆಬ್ಬೆಟ್ಟಿನ ಗುರುತು ನಾಲ್ಕು ಕಡೆಯೂ ಗೆರೆ ಗೆರೆಯಾಗಿ ಮೂಡಿತ್ತು. ಅವನು ಪೈಪನ್ನು ಬಾಯಿಯಿಂದ ತೆಗೆದು ಜೇಬಿಗಿಟ್ಟುಕೊಂಡು, ಸಲಿಕೆ ತುಂಬಿ, ಅದರ ಮೇಲೆ ಮಣ್ಣು ಹಾಕಿದ.